ನಾಲ್ಕು ತಾಲ್ಲೂಕುಗಳ ಹಣ್ಣು, ಒಂದು ಪಂಕ್ತಿಯ ಪ್ರಸಾದ

ಪ್ರವಾಸಿಗಳಿಗೆ ಶ್ರೀರಂಗಪಟ್ಟಣವೆಂದರೆ ಕೋಟೆ, ರಂಗನಾಥನ ದೇಗುಲ, 1784ರ ದರಿಯಾ ದೌಲತ್ ಅರಮನೆ. ಪಾಂಡವಪುರವೆಂದರೆ ಕುಂತಿಬೆಟ್ಟ ಮತ್ತು ತೊಣ್ಣೂರು ಕೆರೆ. ಕೃಷ್ಣರಾಜಪೇಟೆಯೆಂದರೆ ಹೊಸಹೊಳಲಿನ ಹೊಯ್ಸಳ ಶಿಲ್ಪ, ನಾಗಮಂಗಲವೆಂದರೆ ಸೌಮ್ಯಕೇಶವ. ಮಂಡ್ಯ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳನ್ನು ಸುತ್ತಿ ಬಂದವರು ಗುಡಿ ಗೋಪುರಗಳನ್ನು ಕುರಿತು ಬೇಕಾದಷ್ಟು ಬರೆದಿದ್ದಾರೆ. ಅದೇ ದಾರಿಯನ್ನು ಅಡುಗೆಮನೆಯ ಬಾಗಿಲಿನಿಂದ ನೋಡಿದರೆ ಹೇಗಿರುತ್ತದೆ ಎಂಬುದು ಈ ಲೇಖನದ ವಿಷಯ. ಅದಕ್ಕೆ ಕಾರಣವೂ ಉಂಟು. ಇಂದು ನಮ್ಮ ಸಮಾಜದ ಮನೆಗಳಲ್ಲಿ ಮಕ್ಕಳ ಹುಟ್ಟುಹಬ್ಬವೆಂದರೆ ಕೇಕು ಬರಲೇಬೇಕು. ಆ ಕೇಕು ಬಂದ ದಿನವೇ ಮನೆಯ ಪಂಕ್ತಿ ಎರಡಾಗುತ್ತಿದೆ.

ಶರಣರು ಪಂಕ್ತಿಭೇದವನ್ನು ಒಪ್ಪಿದವರಲ್ಲ. ಹಿರಿಯ ಕಿರಿಯ, ಬಡವ ಬಲ್ಲಿದ ಎಂಬ ಎಣಿಕೆಯಿಲ್ಲದೆ ಒಂದೇ ಸಾಲಿನಲ್ಲಿ ಕುಳಿತು ಪ್ರಸಾದ ಸ್ವೀಕರಿಸುವುದು ನಮ್ಮ ಮಠಮಾನ್ಯಗಳ ದಾಸೋಹದ ರೀತಿ. ಹೀಗಿರುವಾಗ ಒಂದೇ ಮನೆಯಲ್ಲಿ ಅಜ್ಜಿ ಒಂದೆಡೆ, ಮೊಮ್ಮಕ್ಕಳು ಇನ್ನೊಂದೆಡೆ ಆಗುವುದು ಚಿಕ್ಕ ಸಂಗತಿಯಲ್ಲ.

ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯ ಮನೆಯಲ್ಲಿ ಇದನ್ನು ಕಣ್ಣಾರೆ ಕಂಡೆವು. ಏಳು ವರ್ಷದ ಬಾಲಕ ಕೇಕಿನ ತುಂಡನ್ನು ಅಜ್ಜಿಯ ಬಾಯಿಯ ಬಳಿಗೆ ಒಯ್ದು, “ಅಜ್ಜಿ, ನೀವೂ ಒಂದು ತುತ್ತು ತಗೊಳ್ಳಿ” ಎಂದ. ಆ ತಾಯಿ ಮೊಮ್ಮಗನ ತಲೆ ಸವರಿ, “ಇದರಲ್ಲಿ ಏನೇನು ಬಿದ್ದಿದೆಯೋ ನನಗೆ ತಿಳಿಯದು ಮಗ. ಲಿಂಗಕ್ಕೆ ತೋರಿಸದೆ ನಾನು ಏನನ್ನೂ ಮುಟ್ಟೋದಿಲ್ಲ, ಮೊಟ್ಟೆ ಬಿದ್ದಿದ್ದರೆ ತೋರಿಸೋದಾದರೂ ಹೇಗೆ? ನೀನು ತಿನ್ನು” ಎಂದರು. ಬಾಲಕ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಅಂಗಡಿಯ ಮುಚ್ಚಿದ ಪೊಟ್ಟಣದ ಮೇಲೆ ಹಸಿರು ಚುಕ್ಕೆಯನ್ನು ನೋಡಿ ಸಸ್ಯಾಹಾರವೆಂದು ತಿಳಿಯಬಹುದು. ಬಿಡಿಯಾಗಿ ಕೊಂಡ ತುಂಡಿಗೆ ಅಂಥ ಗುರುತು ಎಲ್ಲಿಂದ ಬಂದೀತು? ಅಜ್ಜಿಯ ನಿಷ್ಠೆ ತಪ್ಪಲ್ಲ, ಮಗುವಿನ ಆಸೆಯೂ ತಪ್ಪಲ್ಲ. ಇವೆರಡನ್ನೂ ಕೂಡಿಸುವ ದಾರಿ ಯಾವುದು? ಈ ನಾಲ್ಕು ತಾಲ್ಲೂಕುಗಳ ನೆಲವೇ ಅದಕ್ಕೆ ಉತ್ತರ ಹೇಳುತ್ತದೆ.

ಮೊದಲು ಶ್ರೀರಂಗಪಟ್ಟಣ. ಕಾವೇರಿಯ ಎರಡು ಕವಲುಗಳ ನಡುವಿನ ಈ ದ್ವೀಪದ ಪೂರ್ವಕ್ಕೆ ಗಂಜಾಂ ಇದೆ. ಗಂಜಾಮಿನ ಅಂಜೂರದ ಹೆಸರನ್ನು ಹಳೆಯ ಮೈಸೂರಿನವರೆಲ್ಲ ಬಲ್ಲರು. ಅಂಜೂರ ಬಹು ಸುಕುಮಾರವಾದ ಹಣ್ಣು. ಮರದಲ್ಲಿಯೇ ಮಾಗಬೇಕು, ಮಾಗಿದ ಮೇಲೆ ಎರಡು ದಿನ ತಡೆಯುವುದೂ ಕಷ್ಟ. ಬೆಳಿಗ್ಗೆ ಬುಟ್ಟಿಯಲ್ಲಿ ನಗುತ್ತಿದ್ದ ಹಣ್ಣು ಸಂಜೆಗೆ ಬಾಡಿ ರಸ ಒಸರುತ್ತದೆ. ಬಾಳೆಯ ಕಥೆಯೂ ಅದೇ. ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಮೂಡಿತೆಂದರೆ ಕೊಳ್ಳುವವರು ಕೈ ಹಿಂತೆಗೆಯುತ್ತಾರೆ. 2023ರಲ್ಲಿ ಉದ್ಘಾಟನೆಗೊಂಡ ಬೆಂಗಳೂರು–ಮೈಸೂರು ಹೆದ್ದಾರಿ ಪಟ್ಟಣವನ್ನು ಬದಿಗಿರಿಸಿ ಸಾಗುವುದರಿಂದ, ಹಳೆಯ ರಸ್ತೆಯ ಬದಿಯಲ್ಲಿ ಬುಟ್ಟಿ ಇಟ್ಟುಕೊಂಡು ಕುಳಿತವರು ದೂರ ಪ್ರಯಾಣಿಕರನ್ನು ಬಹುಮಟ್ಟಿಗೆ ಕಳೆದುಕೊಂಡಿದ್ದಾರೆ. ಮಿಕ್ಕ ಹಣ್ಣು ದನದ ಬಾಯಿಗೆ, ಇಲ್ಲವೆ ತಿಪ್ಪೆಗೆ.

ಆದರೆ ಕಣ್ಣಿಗೆ ಕೆಟ್ಟದ್ದು ನಾಲಗೆಗೆ ಕೆಟ್ಟದ್ದಲ್ಲ. ಬಾಳೆಕಾಯಿಯಲ್ಲಿ ತೂಕದ ಐದನೆಯ ಒಂದು ಭಾಗದಷ್ಟು ಪಿಷ್ಟವಿರುತ್ತದೆ. ಕಾಯಿ ಹಣ್ಣಾದಂತೆ ಅದೆಲ್ಲ ಸಕ್ಕರೆಯಾಗಿ ಮಾರ್ಪಟ್ಟು, ಚೆನ್ನಾಗಿ ಕಳಿತ ಹಣ್ಣಿನಲ್ಲಿ ಶೇಕಡಾ ಒಂದೆರಡು ಭಾಗ ಮಾತ್ರ ಪಿಷ್ಟ ಉಳಿಯುತ್ತದೆ. ಹಾಗೆ ಕಳಿತ ಹಣ್ಣಿಗೆ ಹಿಟ್ಟನ್ನು ಹಿಡಿದಿಡುವ ಅಂಟೂ ಉಂಟು, ತೇವವೂ ಉಂಟು. ಕೇಕಿನಲ್ಲಿ ಮೊಟ್ಟೆ ಮಾಡುವ ಕೆಲಸದ ಬಹುಪಾಲನ್ನು ಈ ಹಣ್ಣೇ ಮಾಡಬಲ್ಲುದು. ಪರದೇಶಗಳಲ್ಲಿ ಹುದುಗು ಬರಿಸದೆ, ಸೋಡಾ ಹಾಕಿ ಒಡನೆಯೇ ಬೇಯಿಸುವ ಹಣ್ಣಿನ ಬ್ರೆಡ್ಡು ಮತ್ತು ಮಫಿನ್ನುಗಳು ಮನೆಮಾತಾದದ್ದು ಇದೇ ಕಾರಣದಿಂದ. ಅಲ್ಲಿಯ ಗೃಹಿಣಿಯರಿಗೂ ಕಪ್ಪಾದ ಬಾಳೆಹಣ್ಣನ್ನು ಎಸೆಯಲು ಮನಸ್ಸು ಬರಲಿಲ್ಲ.

ಈ ಸಂದರ್ಭದಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಶರಣ ದಂಪತಿಗಳು ನೆನಪಾಗುತ್ತಾರೆ. ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸಿದವರು ಅವರು. ಒಂದು ದಿನ ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚು ತಂದಾಗ ಲಕ್ಕಮ್ಮನವರು ಅದನ್ನು ಹಿಂದಿರುಗಿಸಿ ಬರುವಂತೆ ಹೇಳಿದ ಪ್ರಸಂಗ ನಮಗೆಲ್ಲ ತಿಳಿದದ್ದೇ. ಬಿದ್ದದ್ದು ವ್ಯರ್ಥವಾಗಬಾರದು, ಬೇಕಾದುದಕ್ಕಿಂತ ಹೆಚ್ಚು ಕೂಡಿಡಲೂಬಾರದು. ಈ ಎರಡು ಮಾತಿನಲ್ಲಿ ಅಡುಗೆಮನೆಯ ಧರ್ಮವೆಲ್ಲ ಅಡಗಿದೆ.

ಶ್ರೀರಂಗಪಟ್ಟಣದಿಂದ ಉತ್ತರಕ್ಕೆ ಸಾಗಿದರೆ ಪಾಂಡವಪುರ. ಇದರ ಹಳೆಯ ಹೆಸರು ಹಿರೋಡೆ. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಫ್ರೆಂಚ್ ಸೈನಿಕರು ಇಲ್ಲಿ ಬಿಡಾರ ಹೂಡಿದ್ದರಿಂದ ಬ್ರಿಟಿಷರು ಇದನ್ನು ಫ್ರೆಂಚ್ ರಾಕ್ಸ್ ಎಂದು ಕರೆದರು. ಇಲ್ಲಿಯ ಬೇಬಿ ಬೆಟ್ಟದ ದನಗಳ ಜಾತ್ರೆ ಸುತ್ತಣ ರೈತರಿಗೆಲ್ಲ ಪರಿಚಿತ. ಇದು ಕಬ್ಬಿನ ನಾಡು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಕೆಲಸ ಮುಗಿದು ನಾಲೆಗಳಲ್ಲಿ ನೀರು ಹರಿದ ಮೇಲೆ ಈ ಸೀಮೆಯ ಬೇಸಾಯದ ಬಣ್ಣವೇ ಬದಲಾಯಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಕಾರ್ಖಾನೆಗಳು ಬಂದರೂ ಆಲೆಮನೆಗಳು ಅಳಿಯಲಿಲ್ಲ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಏಳುವ ಪರಿಮಳಕ್ಕೆ ದಾರಿಹೋಕರು ಇಂದಿಗೂ ನಿಂತು ನೋಡುತ್ತಾರೆ.

ನಮ್ಮ ಹಣ್ಣಿನ ಕೇಕಿಗೆ ಎರಡನೆಯ ಪದಾರ್ಥ ದೊರೆಯುವುದು ಇಲ್ಲಿಯೇ. ಆದರೆ ಬೆಲ್ಲವನ್ನು ಆರಿಸುವಾಗ ಎಚ್ಚರ ಬೇಕು. ಹೊಳೆಯುವ ಹಳದಿ ಬಣ್ಣಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಹೆಚ್ಚೆಂದು ಕೆಲವು ಕಡೆ ‘ಹೈಡ್ರೋಸ್’ ಎಂಬ ರಾಸಾಯನಿಕವನ್ನು ಹಾಕಿ ಬಣ್ಣ ತೆಗೆಯುವ, ಸಕ್ಕರೆಯನ್ನೇ ಬೆರೆಸುವ ರೂಢಿ ಬೆಳೆದಿದೆ. ಹಿಂದಿನವರು ಬೆಂಡೆಗಿಡದ ಲೋಳೆಯಿಂದ ಕಬ್ಬಿನ ಹಾಲಿನ ಕಸವನ್ನು ಮೇಲೆತ್ತಿ ತೆಗೆಯುತ್ತಿದ್ದರು. ಅಂಥ ಬೆಲ್ಲ ಕಂದು ಬಣ್ಣದ್ದು, ನೋಟಕ್ಕೆ ಸಾಧಾರಣ, ರುಚಿಗೆ ಅಸಾಧಾರಣ. ಕೊಳ್ಳುವ ನಾವು ಕಂದು ಬೆಲ್ಲವನ್ನು ಕೇಳಿ ಪಡೆದರೆ ಮಾಡುವವರೂ ಅದನ್ನೇ ಮಾಡುತ್ತಾರೆ. ಇನ್ನೊಂದು ಮಾತು: ಬೆಲ್ಲವಾದ ಮಾತ್ರಕ್ಕೆ ಮಧುಮೇಹವಿರುವವರಿಗೆ ನಿರಪಾಯಕರವೆಂದು ತಿಳಿಯಬಾರದು. ಅವರಿಗೆ ಅದೂ ಸಕ್ಕರೆಯೇ.

ಪಾಂಡವಪುರದಿಂದ ಚಿನಕುರಳಿಯ ಮಾರ್ಗವಾಗಿ ಕೃಷ್ಣರಾಜಪೇಟೆಗೆ ಬರೋಣ. ಈ ಊರಿನ ಪೂರ್ವದ ಹೆಸರು ಅತ್ತಿಕುಪ್ಪೆ. ಅತ್ತಿ ಮರವೂ ಅಂಜೂರದ ಬಳಗದ್ದೇ ಎಂಬುದು ಹಣ್ಣಿನ ಈ ಪಯಣದಲ್ಲಿ ಒಂದು ಸೊಗಸಾದ ಹೊಂದಿಕೆ. ಹೇಮಾವತಿಯ ನೀರುಂಡ ತೆಂಗಿನ ತೋಟಗಳು, ಹೇಮಗಿರಿಯ ದನಗಳ ಜಾತ್ರೆ, ಕಾಪನಹಳ್ಳಿಯ ಗವಿಮಠ, ಕವಿ ಕೆ.ಎಸ್. ನರಸಿಂಹಸ್ವಾಮಿಯವರು 1915ರಲ್ಲಿ ಜನಿಸಿದ ಕಿಕ್ಕೇರಿ, ಇವೆಲ್ಲ ಈ ತಾಲ್ಲೂಕಿನವು. ನಮ್ಮ ಕೇಕಿಗೆ ಬೇಕಾದ ಮೊಸರು, ಬೆಣ್ಣೆ, ತೆಂಗಿನತುರಿ ಇಲ್ಲಿಯ ಮನೆಮನೆಯಲ್ಲೂ ಉಂಟು. ಮೊಸರು ರುಚಿಗೆ ಮಾತ್ರವಲ್ಲ. ಅದರ ಹುಳಿಯು ಅಡುಗೆ ಸೋಡಾದೊಡನೆ ಕೂಡಿದಾಗ ಅನಿಲ ಹುಟ್ಟಿ, ಹಿಟ್ಟಿನಲ್ಲಿ ಸಾವಿರ ಗುಳ್ಳೆಗಳೇಳುತ್ತವೆ. ಬೆಂಕಿಯ ಶಾಖಕ್ಕೆ ಆ ಗುಳ್ಳೆಗಳು ಹಾಗೆಯೇ ಗಟ್ಟಿಯಾಗಿ ನಿಲ್ಲುವುದರಿಂದ ಕೇಕು ಹಗುರಾಗುತ್ತದೆ. ಇದರಲ್ಲಿ ಮೊಟ್ಟೆಯ ಮಾತೇ ಬರುವುದಿಲ್ಲ.

ಮೊಟ್ಟೆಯಿಲ್ಲದೆ ಕೇಕು ಆದೀತೇ ಎಂದು ಸಂದೇಹಪಡುವವರು ಈ ತಾಲ್ಲೂಕಿನ ಗಡಿಯಾಚೆಯ ಹಾಸನ ಸೀಮೆಯನ್ನು ಸ್ಮರಿಸಬೇಕು. ಆ ಸೀಮೆಯಿಂದ ಬಂದ ತಿರುಮಲಾಚಾರ್ ಎಂಬವರು 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬೇಕರಿ ತೆರೆದರು. ಮುಂದೆ ಹಾಸನದ ಹಳ್ಳಿಗಳವರು ಊರೂರಿಗೆ ಹೋಗಿ ಅಯ್ಯಂಗಾರ್ ಬೇಕರಿಗಳನ್ನು ಸ್ಥಾಪಿಸಿದರು. ಮೊಟ್ಟೆಯಿಲ್ಲದ ಕೇಕು, ಬ್ರೆಡ್ಡುಗಳಿಂದಲೇ ಅವು ಹೆಸರಾದವು. ಆದ್ದರಿಂದ ಈ ವಿದ್ಯೆ ಕನ್ನಡ ನಾಡಿಗೆ ಹೊಸದಲ್ಲ. ಅದು ಅಂಗಡಿಯ ಭಟ್ಟಿಯಿಂದ ಮನೆಯ ಒಲೆಗೆ ಬರಬೇಕಾಗಿದೆ, ಅಷ್ಟೆ. ಪಡ್ಡು ಎನ್ನಿ, ಗುಳಿಯಪ್ಪ ಎನ್ನಿ, ಬಾಳೆಹಣ್ಣು ಬೆಲ್ಲ ಬೆರೆಸಿದ ಹಿಟ್ಟನ್ನು ಗುಳಿಗಳಿಗೆ ಹಾಕಿ, ಮುಚ್ಚಳ ಮುಚ್ಚಿ ಬೇಯಿಸುವ ಸಿಹಿತಿಂಡಿಯನ್ನು ನಮ್ಮ ತಾಯಂದಿರು ಬಲ್ಲರು. ಮಕ್ಕಳು ಮಫಿನ್ ಎಂದು ಕರೆಯುವುದು ಅದರ ಒಡಹುಟ್ಟನ್ನೇ.

ಕೊನೆಗೆ ನಾಗಮಂಗಲ. ನಾಲೆಯ ನೀರಿನ ಹಸಿರು ಹಿಂದೆ ಸರಿದು, ಮಳೆಯನ್ನೇ ನಂಬಿದ ಹೊಲಗಳು ಎದುರಾಗುತ್ತವೆ. ರಾಗಿ, ಹುರುಳಿ, ಬದುವಿನಲ್ಲಿ ಹಲಸು, ಮಾವು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮಿಕ್ಕಿ ಸುಣ್ಣದ ಅಂಶವಿರುವುದರಿಂದ ಬೆಳೆಯುವ ಮಕ್ಕಳಿಗೆ ಅದು ಬಲು ಹಿತ. ಆದರೆ ಗೋಧಿಯಲ್ಲಿರುವ ಜಿಗುಟು ರಾಗಿಗೆ ಇಲ್ಲ. ಬರಿಯ ರಾಗಿಹಿಟ್ಟಿನ ಕೇಕು ಉಬ್ಬದೆ ಪುಡಿಯಾಗುತ್ತದೆ. ಆದುದರಿಂದ ಮೂರು ಪಾಲು ಗೋಧಿಗೆ ಒಂದು ಪಾಲು ರಾಗಿ ಸಾಕು. ನಾಗಮಂಗಲ ಲೋಹದ ಎರಕದ ಕೆಲಸಕ್ಕೂ ಹೆಸರಾದ ಊರು. ಅಟ್ಟದ ಮೇಲೆ ಧೂಳು ಹಿಡಿದಿರುವ ದಪ್ಪ ತಳದ ಪಾತ್ರೆಯೊಂದು ನಿಮ್ಮ ಮನೆಯಲ್ಲಿದ್ದರೆ ಅದನ್ನು ಕೆಳಗಿಳಿಸಿ. ವಿದ್ಯುತ್ ಒಲೆಯಿಲ್ಲದ ಮನೆಗೆ ಅದೇ ಭಟ್ಟಿ.

ಈ ತಾಲ್ಲೂಕಿನ ಶರಣ ದಂಪತಿಗಳೊಬ್ಬರ ಮನೆಯಲ್ಲಿ ನಮಗೆ ತೋರಿಸಿಕೊಟ್ಟ ಕ್ರಮ ಹೀಗಿದೆ. ಒಂದೂವರೆ ಲೋಟ ಗೋಧಿಹಿಟ್ಟು, ಅರ್ಧ ಲೋಟ ರಾಗಿಹಿಟ್ಟು, ಮುಕ್ಕಾಲು ಟೀ ಚಮಚ ಅಡುಗೆ ಸೋಡಾ, ಒಂದು ಚಿಟಿಕೆ ಉಪ್ಪು, ಏಲಕ್ಕಿಪುಡಿ, ಇವನ್ನು ಕೂಡಿಸಿ ಎರಡು ಸಲ ಜರಡಿ ಹಿಡಿಯಬೇಕು. ಚೆನ್ನಾಗಿ ಕಳಿತ ಬಾಳೆಹಣ್ಣನ್ನು ಕಿವುಚಿ ಒಂದು ಲೋಟದಷ್ಟು ತೆಗೆದುಕೊಂಡು, ಅದಕ್ಕೆ ಅರ್ಧ ಲೋಟ ಮೊಸರು, ಲೋಟದ ಮೂರನೆಯ ಒಂದು ಭಾಗ ಕರಗಿಸಿದ ಬೆಣ್ಣೆ, ಮುಕ್ಕಾಲು ಲೋಟ ಪುಡಿಬೆಲ್ಲ ಸೇರಿಸಬೇಕು. ಬೆಲ್ಲವನ್ನು ತುಸುವೇ ನೀರಿನಲ್ಲಿ ಕರಗಿಸಿ, ಸೋಸಿ, ಆರಿಸಿ ಹಾಕುವುದು ಲೇಸು. ಅಂಜೂರದ ಚೂರು, ತೆಂಗಿನತುರಿ ಇದ್ದರೆ ಒಂದೊಂದು ಹಿಡಿ. ಹಿಟ್ಟು ಹಣ್ಣುಗಳನ್ನು ಬೆರೆಸುವಾಗ ಕೈ ಹಗುರವಾಗಿರಲಿ. ಹಿಟ್ಟು ಒದ್ದೆಯಾದರೆ ಸಾಕು. ಚಪಾತಿಯ ಹಿಟ್ಟಿನಂತೆ ನಾದಿದರೆ ಕೇಕು ಬಿರುಸಾಗುತ್ತದೆ. ಬೆರೆಸಿದ ಮೇಲೆ ತಡಮಾಡಬಾರದು, ಗುಳ್ಳೆಗಳು ಹಾರಿಹೋಗುತ್ತವೆ.

ದಪ್ಪ ಪಾತ್ರೆಯ ತಳದಲ್ಲಿ ಎರಡು ಬೆರಳು ಎತ್ತರ ಶುದ್ಧವಾದ ಒಣ ಮರಳನ್ನೋ ಪುಡಿಯುಪ್ಪನ್ನೋ ಹರಡಿ, ಮೇಲೊಂದು ಸಣ್ಣ ಸ್ಟ್ಯಾಂಡಿಟ್ಟು, ಮುಚ್ಚಿ, ಹತ್ತು ನಿಮಿಷ ಕಾಯಿಸಬೇಕು. ಬೆಣ್ಣೆ ಸವರಿದ ಒಳಪಾತ್ರೆಗೆ ಹಿಟ್ಟನ್ನು ಮುಕ್ಕಾಲು ಭಾಗ ಮೀರದಂತೆ ಹಾಕಿ, ಒಳಗಿಟ್ಟು, ಸಣ್ಣ ಉರಿಯಲ್ಲಿ ಸುಮಾರು 50 ನಿಮಿಷ ಬಿಡಬೇಕು. ಚಿಕ್ಕ ಬಟ್ಟಲುಗಳಾದರೆ ಅದರ ಅರ್ಧ ಹೊತ್ತು ಸಾಕು. ಕಡ್ಡಿ ಚುಚ್ಚಿದಾಗ ಹಿಟ್ಟು ಅಂಟದೆ ಬಂದರೆ ಬೆಂದಿತೆಂದು ಅರ್ಥ. ಬಿಸಿಯಾಗಿರುವಾಗ ಕತ್ತರಿಸದೆ ಆರಲು ಬಿಡಿ. ಹಲಸಿನ ಕಾಲದಲ್ಲಿ ಬಾಳೆಹಣ್ಣಿನ ಬದಲು ನುಣ್ಣಗೆ ರುಬ್ಬಿದ ಹಲಸಿನ ತೊಳೆಯನ್ನು ಹಾಕಬಹುದು.

ಆ ಮನೆಯಲ್ಲಿ ಕೇಕು ಆರುವ ಹೊತ್ತಿಗೆ ಹಿರಿಯರು ಪೂಜೆಗೆ ಕುಳಿತರು. ಮೊದಲ ತುಂಡು ಲಿಂಗಕ್ಕೆ ಅರ್ಪಿತವಾಯಿತು. ಅನಂತರ ಮನೆಯವರೆಲ್ಲ, ತೋಟದ ಆಳುಗಳೂ ಸೇರಿ, ಹಜಾರದಲ್ಲಿ ಒಂದೇ ಸಾಲಿನಲ್ಲಿ ಕುಳಿತರು. ಹಿರಿಯ ತಾಯಿಯೇ ಬಡಿಸಿದರು. ಯಾರ ಕೈಯೂ ಹಿಂದೆ ಸರಿಯಲಿಲ್ಲ.

ನಾಗಮಂಗಲದಿಂದ ಮುಂದಕ್ಕೆ, ಜಿಲ್ಲೆಯ ಗಡಿಯನ್ನು ದಾಟಿದೊಡನೆ ಎಡೆಯೂರು. ಕಗ್ಗೆರೆಯ ತೋಟದಲ್ಲಿ ತಪಗೈದು ತೋಂಟದ ಸಿದ್ಧಲಿಂಗರೆಂದು ಹೆಸರಾದ ಯತಿಗಳ ಗದ್ದುಗೆ ಅಲ್ಲಿದೆ. ಗುರುವಿನ ಹೆಸರಿನಲ್ಲಿಯೇ ತೋಟವನ್ನು ಉಳಿಸಿಕೊಂಡ ಸಮಾಜ ನಮ್ಮದು. ತೋಟದ ಹಣ್ಣು ತಿಪ್ಪೆಗೆ ಸೇರುವುದು ನಮಗೆ ಶೋಭಿಸುವುದಿಲ್ಲ. ಈ ವಿದ್ಯೆಯನ್ನು ಜೀವನೋಪಾಯವಾಗಿ ಮಾಡಿಕೊಳ್ಳಲು ಬಯಸುವ ಸೋದರಿಯರಿಗೆ ನೆರೆಯ ಮೈಸೂರಿನಲ್ಲಿ 1950ರಿಂದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವಿದೆ. ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾನಿಲಯದ ಬೇಕರಿ ತರಬೇತಿ ಘಟಕವಿದೆ. ಮಾರಾಟಕ್ಕೆ ಇಳಿಯುವವರು ಆಹಾರ ಸುರಕ್ಷತೆಯ ನೋಂದಣಿಯನ್ನು ಮೊದಲು ಮಾಡಿಸಿಕೊಳ್ಳಬೇಕು.

ಮಿಕ್ಕವರು ಮುಂದಿನ ಹುಟ್ಟುಹಬ್ಬಕ್ಕೆ ಅಂಗಡಿಗೆ ಹೋಗುವ ಮುನ್ನ ಮನೆಯ ಬುಟ್ಟಿಯನ್ನೊಮ್ಮೆ ನೋಡಲಿ. ಕಪ್ಪು ಚುಕ್ಕೆ ಬಿದ್ದ ನಾಲ್ಕು ಬಾಳೆಹಣ್ಣು, ಒಂದು ಅಚ್ಚು ಬೆಲ್ಲ, ಒಂದು ಬಟ್ಟಲು ಮೊಸರು ಇದ್ದರೆ ಆ ಮನೆಯ ಪಂಕ್ತಿ ಒಡೆಯಬೇಕಾದ ಕಾರಣವಿಲ್ಲ.