ಪಾರ್ಟಿನ ದುಡ್ಡು

ಮಕ್ಕಳೇ, ಮಂಡ್ಯ, ಮೈಸೂರು, ತುಮಕೂರು ಕಡೆಯ ಹಳ್ಳಿಯ ತಾತ ಯಾರಾದರೂ ಸಿಕ್ಕರೆ ಒಂದು ಮಾತು ಕೇಳಿ ನೋಡಿ: “ತಾತ, ನೀವು ಯಾವ ಪಾರ್ಟು ಮಾಡಿದ್ರಿ?” ಕೆಲವರಾದರೂ ಮೀಸೆ ತಿರುವಿ, “ಕುರುಕ್ಷೇತ್ರದಲ್ಲಿ ಭೀಮ ಕಣಪ್ಪಾ” ಎನ್ನುತ್ತಾರೆ. ಹಗಲೆಲ್ಲ ಗದ್ದೆಯಲ್ಲಿ ದುಡಿದು, ರಾತ್ರಿ ಹಾರ್ಮೋನಿಯಂ ಮೇಷ್ಟ್ರ ಮುಂದೆ ತಿಂಗಳುಗಟ್ಟಲೆ ತಾಲೀಮು ಮಾಡಿದವರು ಅವರು.

ಬ್ಯಾಂಕಿನಲ್ಲಿ ಗುಮಾಸ್ತನಾಗಿ ಜೀವನವಿಡೀ ಲೆಕ್ಕ ಬರೆದ ನನಗೆ ಈ ನಾಟಕಗಳ ಲೆಕ್ಕವೇ ಒಂದು ಸೋಜಿಗ. ಪೇಟೆಯಲ್ಲಿ ನೋಡುವವನು ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಳ್ಳುತ್ತಾನೆ. ಹಳ್ಳಿಯಲ್ಲಿ ಆಡುವವನೇ ದುಡ್ಡು ಹಾಕುತ್ತಾನೆ, ನೋಡುವವರಿಗೆ ಪುಕ್ಕಟೆ! ಸೀನರಿ, ಡ್ರೆಸ್ಸು, ಮೈಕು, ಮೇಷ್ಟ್ರ ಸಂಭಾವನೆ ಎಲ್ಲಕ್ಕೂ ಪಾತ್ರಧಾರಿಗಳೇ ಹಣ ಹಾಕಬೇಕು. ದುರ್ಯೋಧನ, ಕೃಷ್ಣನಂಥ ದೊಡ್ಡ ಪಾರ್ಟಿಗೆ ಹೆಚ್ಚು, ಚಿಕ್ಕದಕ್ಕೆ ಕಡಿಮೆ.

ಇದರಲ್ಲಿ ಒಂದು ತೊಡಕಿದೆ. ಕೈಯಲ್ಲಿ ಕಾಸಿಲ್ಲದವನ ಕಂಠ ಎಷ್ಟೇ ಚೆನ್ನಾಗಿರಲಿ, ಅವನು ಚಾಪೆ ಹಾಸಿಕೊಂಡು ನೋಡಬೇಕಷ್ಟೆ. ನಮ್ಮೂರ ಬಡಗಿಯೊಬ್ಬರಿಗೆ ಕರ್ಣನ ಮಾತು, ಹಾಡು ಎಲ್ಲ ಬಾಯಿಪಾಠ. ಅರವತ್ತು ದಾಟಿದರೂ ಒಮ್ಮೆಯೂ ಬಣ್ಣ ಹಚ್ಚಿರಲಿಲ್ಲ.

ನಿವೃತ್ತರಾದ ನಾವು ಏಳು ಜನ ಸೇರಿ ಒಂದು ಸಣ್ಣ ಸಂಘ ಮಾಡಿಕೊಂಡೆವು. ಪಿಂಚಣಿ ಬಂದ ದಿನ ತಲಾ ನೂರು ರೂಪಾಯಿ. ಖಜಾಂಚಿ ನಾನೇ. ವರ್ಷದ ಕೊನೆಗೆ, “ಪೇಟೆಯಿಂದ ಒಳ್ಳೆಯ ತಂಡ ಕರೆಸೋಣ, ಊರವರು ನೋಡಲಿ” ಎಂದರು ಕೆಲವರು. ತಪ್ಪು ಮಾತೇನಲ್ಲ. ನಾನು ಹೆಗ್ಗೋಡಿನ ಮಾತೆತ್ತಿದೆ.

ಸಾಗರ ತಾಲ್ಲೂಕಿನ ಹೆಗ್ಗೋಡು ಅಡಿಕೆ ತೋಟಗಳ ಪುಟ್ಟ ಊರು. ಅಲ್ಲಿನವರು 1949ರಲ್ಲಿ ತಾವೇ ನಾಟಕ ಆಡಲೆಂದು ನೀಲಕಂಠೇಶ್ವರ ನಾಟ್ಯಸೇವಾ ಸಂಘ ಕಟ್ಟಿದರು. ಅದೇ ನೀನಾಸಂ. 1980ರಲ್ಲಿ ಅಲ್ಲಿ ರಂಗಶಿಕ್ಷಣ ಕೇಂದ್ರ ಬಂತು. 1985ರಲ್ಲಿ ಊರೂರಿಗೆ ನಾಟಕ ಒಯ್ಯುವ ‘ತಿರುಗಾಟ’ ಹೊರಟಿತು. 1991ರಲ್ಲಿ ಕೆ.ವಿ. ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಇಷ್ಟಕ್ಕೂ ಬೀಜ, ಊರವರು ತಾವೇ ರಂಗಕ್ಕೆ ಹತ್ತಿದ್ದು.

ನಮ್ಮವರು ಒಪ್ಪಿದರು. ದುಡ್ಡಿಲ್ಲದವರ ಪಾರ್ಟಿನ ಪಾಲನ್ನು ಸಂಘ ಕಟ್ಟುವುದೆಂದು ತೀರ್ಮಾನವಾಯಿತು. ಬಡಗಿಯವರಿಗೆ ಹೇಳಿದರೆ ಅವರು ಕೈಮುಗಿದು, “ಪುಕ್ಕಟೆ ಪಾರ್ಟು ಬ್ಯಾಡಿ ಸ್ವಾಮಿ. ಸಿಂಹಾಸನ ಮಾಡ್ಕೊಡ್ತೀನಿ” ಎಂದರು. ಹಲಸಿನ ಮರದಲ್ಲಿ ಮಾಡಿಯೂ ಕೊಟ್ಟರು. ನಮ್ಮ ಲೆಕ್ಕದ ಪುಸ್ತಕದಲ್ಲಿ ಜಮೆಯ ಕಡೆ ‘ಸಿಂಹಾಸನ ಒಂದು’ ಎಂದು ಬರೆದಿದ್ದೇನೆ. ಆ ರಾತ್ರಿ ಅವರು ಕರ್ಣನಾಗಿ ಹಾಡಿದಾಗ ಜನ “ಒನ್ಸ್ ಮೋರ್” ಎಂದು ಮೂರು ಸಲ ಕೂಗಿದರು. ಪರದೆ ಪಕ್ಕದಲ್ಲಿ ಪುಸ್ತಕ ಹಿಡಿದು ಮಾತು ಹೇಳಿಕೊಡಲು ನಿಂತಿದ್ದವಳು ಅವರ ಮೊಮ್ಮಗಳು, ಏಳನೇ ತರಗತಿ.

ಆ ಹುಡುಗಿ ಈಗ ನನ್ನನ್ನು ಕೇಳುತ್ತಿದ್ದಾಳೆ: “ದ್ರೌಪದಿ ಪಾರ್ಟಿಗೆ ಹೊರಗಿನಿಂದ ಯಾಕೆ ಕರೆಸ್ತೀರಿ ತಾತ? ನಾವಿಲ್ವಾ?” ನ್ಯಾಯವಾದ ಪ್ರಶ್ನೆ. ಹೆಣ್ಣುಪಾತ್ರಕ್ಕೆ ಸಂಭಾವನೆ ಕೊಟ್ಟು ಕಲಾವಿದೆಯರನ್ನು ಕರೆಸುವುದು ಹಳೆಯ ರೂಢಿ. ಅವರ ಅನ್ನ ಕಸಿಯಬಾರದು, ಊರ ಹೆಣ್ಣುಮಕ್ಕಳೂ ಬರೀ ನೋಡುತ್ತ ಕೂರಬಾರದು. ಅದಕ್ಕೇ ಈ ಬೇಸಿಗೆ ರಜೆಯಲ್ಲಿ ಅಂಥ ಕಲಾವಿದೆಯೊಬ್ಬರಿಂದಲೇ ನಮ್ಮ ಹುಡುಗಿಯರಿಗೆ ತಾಲೀಮು ಕೊಡಿಸುತ್ತಿದ್ದೇವೆ. ಸಂಭಾವನೆ ಸಂಘದ್ದು.

ಅಜ್ಜ-ಅಜ್ಜಿಯರೇ, ನಿಮ್ಮ ಊರಿನಲ್ಲೂ ಐದಾರು ಜನ ಸೇರಿ ಒಂದು ಡಬ್ಬಿ ಇಟ್ಟು ನೋಡಿ. ಮೊಮ್ಮಕ್ಕಳನ್ನು ನಾಟಕಕ್ಕೆ ಕರೆದೊಯ್ಯುವುದು ಒಳ್ಳೆಯದೇ. ಅವರ ಕೆನ್ನೆಗೆ ಬಣ್ಣ ಹಚ್ಚುವುದು ಇನ್ನೂ ಒಳ್ಳೆಯದು.