ಸದ್ದಿಲ್ಲದೆ ಸರಿಯುವ ನೆಲ: ಹಾಲಿಸ್ಟರ್

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಿಂದ ದಕ್ಷಿಣಕ್ಕೆ ಸುಮಾರು 150 ಕಿ.ಮೀ. ದೂರದಲ್ಲಿ ಹಾಲಿಸ್ಟರ್ ಎಂಬ ಊರಿದೆ. ಸುತ್ತಲೂ ಗುಡ್ಡಗಳು, ಹೊಲಗಳು, ಹಣ್ಣಿನ ತೋಟಗಳು. ಇಲ್ಲಿಗೆ ಎರಡು ಬಗೆಯ ಪ್ರವಾಸಿಗರು ಬರುತ್ತಾರೆ. ಭೂವಿಜ್ಞಾನದ ವಿದ್ಯಾರ್ಥಿಗಳು ಊರಿನ ನೆಲ ನೋಡಲು ಬಂದರೆ, ಮೋಟಾರ್ ಸೈಕಲ್ ಪ್ರಿಯರು ಸ್ಯಾನ್ ಬೆನಿಟೊ ಎಂಬ ಮುಖ್ಯ ಬೀದಿ ನೋಡಲು ಬರುತ್ತಾರೆ.

ಕ್ಯಾಲವೆರಾಸ್ ಎಂಬ ಸ್ತರಭಂಗ, ಅಂದರೆ ಭೂಮಿಯ ಬಿರುಕು, ಊರೊಳಗೇ ಹಾದುಹೋಗಿದೆ. ಅದರ ಎರಡು ಬದಿಯ ನೆಲ ವರ್ಷಕ್ಕೆ ಕೆಲವು ಮಿಲಿಮೀಟರ್‌ಗಳಷ್ಟು ಸರಿಯುತ್ತದೆ. ದಿನದ ಲೆಕ್ಕದಲ್ಲಿ ಇದು ಯಾರ ಕಣ್ಣಿಗೂ ಬೀಳದು. ದಶಕಗಳು ಕಳೆದಾಗ ಮಾತ್ರ ನೆಟ್ಟಗಿದ್ದ ಗೋಡೆ ಬಾಗಿರುತ್ತದೆ, ಕಾಲುದಾರಿಯ ಅಂಚು ಸೊಟ್ಟಗಾಗಿರುತ್ತದೆ.

ಮುಖ್ಯ ಬೀದಿಯ ಕಥೆ 1947ರದು. ಆ ವರ್ಷ ಜುಲೈ 4ರ ಸ್ವಾತಂತ್ರ್ಯ ದಿನದ ರಜೆಯಲ್ಲಿ ಮೋಟಾರ್ ಸೈಕಲ್ ಪಂದ್ಯಗಳಿಗೆಂದು ಸುಮಾರು 4,000 ಸವಾರರು ಇಲ್ಲಿ ನೆರೆದರು. ಊರಿನ ಜನಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ ಇತ್ತು! ಮಹಾಯುದ್ಧ ಮುಗಿಸಿ ಬಂದ ಯುವಕರು ಅವರಲ್ಲಿ ಅನೇಕರಿದ್ದರು. ಕುಡಿತ, ಬೀದಿಯಲ್ಲೇ ಪಂದ್ಯ, ಗಲಾಟೆ ನಡೆದವು. ಸುಮಾರು 50 ಮಂದಿಯ ಬಂಧನವಾಯಿತು. ಸಾವು ಸಂಭವಿಸಲಿಲ್ಲ. ಆದರೆ ಬಿಯರ್ ಬಾಟಲಿಗಳ ನಡುವೆ ಬೈಕ್ ಮೇಲೆ ಕುಳಿತವನೊಬ್ಬನ ಚಿತ್ರ 'ಲೈಫ್' ಪತ್ರಿಕೆಯಲ್ಲಿ ಅಚ್ಚಾಗಿ ದೇಶವೇ ಬೆಚ್ಚಿತು. ಬಾಟಲಿಗಳನ್ನು ಚಿತ್ರಕ್ಕಾಗಿಯೇ ಜೋಡಿಸಲಾಗಿತ್ತೆಂದು ಅಲ್ಲಿದ್ದವರೊಬ್ಬರು ಅನಂತರ ಹೇಳಿದರು. 1953ರಲ್ಲಿ ಮಾರ್ಲನ್ ಬ್ರ್ಯಾಂಡೊ ನಟಿಸಿದ 'ದಿ ವೈಲ್ಡ್ ಒನ್' ಚಿತ್ರ ಈ ಪುಂಡ ಸವಾರನನ್ನು ಯುವಕರ ಕಣ್ಣಿನಲ್ಲಿ ನಾಯಕನನ್ನಾಗಿಸಿತು.

'ನೂರರಲ್ಲಿ 99 ಸವಾರರು ಸಭ್ಯರು' ಎಂದು ಅಮೆರಿಕದ ಮೋಟಾರ್ ಸೈಕಲ್ ಸಂಸ್ಥೆ ಆಗ ಹೇಳಿತೆಂಬ ಪ್ರತೀತಿಯಿದೆ. ಅಂಥ ಹೇಳಿಕೆಯ ದಾಖಲೆ ತನ್ನಲ್ಲಿಲ್ಲವೆಂದು ಸಂಸ್ಥೆ ತಿಳಿಸಿದೆ. ಆದರೂ ಕೆಲವು ಗುಂಪುಗಳು ಉಳಿದ ಶೇಕಡಾ ಒಂದು ತಾವೇ ಎಂದು ಹೆಮ್ಮೆಯಿಂದ ಪಟ್ಟಿ ಹೊಲಿಸಿಕೊಂಡವು.

ಇವುಗಳಲ್ಲಿ ಹೆಸರಾದದ್ದು 1948ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಫಾಂಟಾನಾ ಪ್ರದೇಶದಲ್ಲಿ ಹುಟ್ಟಿದ 'ಹೆಲ್ಸ್ ಏಂಜಲ್ಸ್'. ಯುದ್ಧಕಾಲದ ವಿಮಾನಪಡೆಯವರು ಬಳಸುತ್ತಿದ್ದ ಹೆಸರದು. 1969ರ ಡಿಸೆಂಬರ್ 6ರಂದು ಹಾಲಿಸ್ಟರ್‌ನ ಉತ್ತರಕ್ಕಿರುವ ಆಲ್ಟಮಾಂಟ್‌ನ ಸಂಗೀತೋತ್ಸವದಲ್ಲಿ ವೇದಿಕೆಯ ಬಳಿ ಈ ಸಂಘದವರಿದ್ದರು. ಅಲ್ಲಿ 18ರ ಯುವಕನೊಬ್ಬ ಸದಸ್ಯನೊಬ್ಬನ ಇರಿತಕ್ಕೆ ಬಲಿಯಾದ. ಯುವಕನ ಕೈಯಲ್ಲಿ ಪಿಸ್ತೂಲಿತ್ತು. ಆತ್ಮರಕ್ಷಣೆಯ ವಾದವನ್ನೊಪ್ಪಿ ಆರೋಪಿಯನ್ನು 1971ರಲ್ಲಿ ಖುಲಾಸೆ ಮಾಡಲಾಯಿತು. ಮುಂದೆ ಸಂಘ ದೇಶದೇಶಗಳಿಗೆ ಹರಡಿತು. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಮಾದಕವಸ್ತು ಮಾರಾಟದ ಹಿಡಿತಕ್ಕಾಗಿ ಎದುರಾಳಿ ಗುಂಪಿನೊಡನೆ 1994ರಿಂದ 2002ರವರೆಗೆ ನಡೆದ ಕಾಳಗದಲ್ಲಿ 150ಕ್ಕೂ ಹೆಚ್ಚು ಮಂದಿ ಸತ್ತರು. 1995ರಲ್ಲಿ ಸಿಡಿದ ಬಾಂಬಿನ ಚೂರು ತಗುಲಿ ಅಸುನೀಗಿದ 11 ವರ್ಷದ ಬಾಲಕನಿಗೆ ಯಾವ ಗುಂಪಿನ ಹಂಗೂ ಇರಲಿಲ್ಲ. ತಾವು ಬರೀ ಸವಾರಿ ಪ್ರಿಯರೆಂದು ಸಂಘ ಹೇಳಿಕೊಳ್ಳುತ್ತದೆ. ಅಮೆರಿಕದ ನ್ಯಾಯ ಇಲಾಖೆ ಅದನ್ನು ಸಂಘಟಿತ ಅಪರಾಧದ ಗುಂಪುಗಳ ಸಾಲಿಗೆ ಸೇರಿಸಿದೆ.

1997ರಲ್ಲಿ, ಐವತ್ತು ವರ್ಷ ತುಂಬಿದ ನೆನಪಿಗೆ, ಹಾಲಿಸ್ಟರ್ ಸವಾರರನ್ನು ಮತ್ತೆ ಬರಮಾಡಿಕೊಂಡು ಜಾತ್ರೆಯನ್ನೇ ನಡೆಸಿತು. ಬಂದವರಲ್ಲಿ ಬಹುಪಾಲು ಸಂಸಾರವಂದಿಗರೇ. ಬಾಟಲಿ ಹಿಡಿದ ಆ ಹಳೆಯ ಚಿತ್ರವನ್ನು ಮೆಚ್ಚಿಕೊಳ್ಳುವ ಹುಡುಗರು ಪಕ್ಕದ ಬೀದಿಯ ಬಾಗಿದ ಗೋಡೆಯನ್ನೂ ನೋಡಿ ಬರುವುದು ಒಳ್ಳೆಯದು. ಅದೂ ಒಂದೇ ದಿನದಲ್ಲಿ ಬಾಗಿದ್ದಲ್ಲ.