ಕಾಳಿ ಕಡಲನ್ನು ಸೇರುವಲ್ಲಿ

ತುಮಕೂರು ಹೆದ್ದಾರಿಯ ಮಗ್ಗುಲಿಗಿರುವ ಮಾಕಳಿಯಲ್ಲಿ ಹಗಲಿರುಳೆನ್ನದೆ ಕೇಳಿಬರುವುದು ಲಾರಿಗಳ ಮೊರೆತ. ಆ ಊರಿನ ಸಂಸಾರವೊಂದರ ಅಜ್ಜಿಗೆ ವರ್ಷ ಎಪ್ಪತ್ತು ದಾಟಿದರೂ ಸಮುದ್ರದ ದರ್ಶನವಾಗಿರಲಿಲ್ಲ. ಮೊಮ್ಮಕ್ಕಳಿಗೆ ಗೋವೆಯ ಹಂಬಲ. ಅಜ್ಜಿಗೆ ನದಿಯೂ ಕಡಲೂ ಕೂಡುವ ಸಂಗಮವೊಂದನ್ನು ನೋಡಬೇಕೆಂಬ ಆಸೆ. ಎರಡು ಪಕ್ಷಗಳಿಗೂ ಸಂಧಾನ ಮಾಡಿದ ಊರು ಕಾರವಾರ. ಕರ್ನಾಟಕದ ಕರಾವಳಿ ಉತ್ತರದಲ್ಲಿ ಮುಗಿಯುವುದು ಅಲ್ಲಿಯೇ. ಗೋವೆಯ ಗಡಿ ಅಲ್ಲಿಂದ ಕೂಗಳತೆ ಎನ್ನುವಷ್ಟು ಹತ್ತಿರ.

ಯಶವಂತಪುರದಲ್ಲಿ ಸಂಜೆ ಪಂಚಗಂಗಾ ಎಕ್ಸ್‌ಪ್ರೆಸ್ಸನ್ನು ಏರಿದವರು ಸಕಲೇಶಪುರದ ಘಟ್ಟವನ್ನು ನಿದ್ದೆಯಲ್ಲಿಯೇ ಇಳಿದು, ಬೆಳಗಿಗೆ ಕಾರವಾರವನ್ನು ಮುಟ್ಟುತ್ತಾರೆ. ನಿಲ್ದಾಣವಿರುವುದು ಶಿರವಾಡದಲ್ಲಿ, ಪೇಟೆಯಿಂದ ತುಸು ದೂರ. ಆಟೋದವರೊಡನೆ ಚೌಕಾಸಿ ಮುಗಿದ ಮೇಲೆ ಕಡಲಿನ ಮೊದಲ ನೋಟ. ಒಂದು ಕಡೆ ಹಸುರು ಗುಡ್ಡ, ಇನ್ನೊಂದು ಕಡೆ ನೀಲಿ ನೀರು; ನಡುವೆ ಊರಿಗೆ ಉಳಿದಿರುವುದು ಕಿರಿದಾದ ಒಂದು ಪಟ್ಟಿ ಮಾತ್ರ.

ಜೋಯಿಡಾ ತಾಲ್ಲೂಕಿನ ಡಿಗ್ಗಿಯ ಬಳಿ ಹುಟ್ಟುವ ಕಾಳಿ ನದಿ, ಸೂಪಾ, ಕದ್ರಾ ಮೊದಲಾದ ಅಣೆಕಟ್ಟುಗಳನ್ನು ದಾಟಿ, ಸುಮಾರು 184 ಕಿಲೋಮೀಟರು ಹರಿದು ಇಲ್ಲಿ ಸಮುದ್ರವನ್ನು ಸೇರುತ್ತದೆ. ದಕ್ಷಿಣ ದಡದಲ್ಲಿ ಕೋಡಿಬಾಗ, ಉತ್ತರ ದಡದಲ್ಲಿ ಸೋದೆಯ ಅರಸರು ಕಟ್ಟಿಸಿದ ಸದಾಶಿವಗಡ. ಎರಡನ್ನೂ ನಾಲ್ಕು ದಶಕಗಳ ಕಾಲ ಕೂಡಿಸಿದ್ದ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ನದಿಗೆ ಬಿತ್ತು. ಅದರೊಡನೆ ಬಿದ್ದ ಲಾರಿಯ ಚಾಲಕ ಬದುಕಿ ಬಂದದ್ದು ಪುಣ್ಯ. ಈಗ ಪಕ್ಕದ ಹೊಸ ಸೇತುವೆಯ ಮೇಲೆ ಹೋಗುವವರು ಒಮ್ಮೆಯಾದರೂ ಆ ಕಡೆಗೆ ಕಣ್ಣು ಹಾಯಿಸದೆ ಇರಲಾರರು.

ತಂಗಲು ದೇವಬಾಗವೇ ಸರಿ. ನದಿಯ ಮುಖದಲ್ಲಿ ಚಾಚಿಕೊಂಡ ಮರಳಿನ ನಾಲಗೆ ಅದು. ಗಾಳಿಮರಗಳ ತೋಪಿನಲ್ಲಿ ವಸತಿಗಳಿವೆ. ಆ ಮರಗಳ ಸುಯ್ಯೆಂಬ ಸದ್ದನ್ನೇ ಮಳೆಯೆಂದು ಭ್ರಮಿಸಿ ಹೊರಗೆ ಒಣಹಾಕಿದ ಬಟ್ಟೆಯನ್ನು ಒಳಗೆ ತಂದವರು ಆ ಅಜ್ಜಿಯೊಬ್ಬರೇ ಆಗಿರಲಾರರು. ಬೆಳಗ್ಗೆ ಬೇಗ ಎದ್ದರೆ ಮೀನುಗಾರರು ಬಲೆ ಎಳೆಯುವುದನ್ನು ನೋಡಬಹುದು. ಬಂಗುಡೆ, ತಾರಲೆಗಳು ಬೆಳ್ಳಿಯ ಚೂರುಗಳಂತೆ ಮರಳಿನ ಮೇಲೆ ಪುಟಿಯುತ್ತವೆ. ಕಾಳಿಯ ಹಿನ್ನೀರಿನಲ್ಲಿ ಕಾಂಡ್ಲಾ ಕಾಡಿನ ನಡುವೆ ಹಾಸಿದ ಮರದ ಕಾಲುದಾರಿಯಲ್ಲಿ ನಡೆಯುವುದು ಮಕ್ಕಳಿಗೆ ಪಾಠವೂ ಹೌದು, ಆಟವೂ ಹೌದು: ಕೆಸರಿನಿಂದ ಮೇಲಕ್ಕೆ ಚುಚ್ಚಿಕೊಂಡು ಬಂದ ಉಸಿರುಬೇರುಗಳು, ಸಪ್ಪಳ ಕೇಳುತ್ತಲೇ ಬಿಲ ಸೇರುವ ಏಡಿಗಳು. ಯಂತ್ರದ ದೋಣಿಗಳಲ್ಲಿ ಅಬ್ಬರಿಸುತ್ತ ಸುತ್ತುವ ಜಲಕ್ರೀಡೆಗಳೂ ಉಂಟು. ಕಿರುಚುವ ಆಸೆಯುಳ್ಳವರಿಗೆ ಅವು ಒಪ್ಪುತ್ತವೆ.

ಇಪ್ಪತ್ತೆರಡರ ಹರೆಯದ ರವೀಂದ್ರನಾಥ ಠಾಕೂರರು 1883ರಲ್ಲಿ ಈ ಊರಿಗೆ ಬಂದಿದ್ದರು. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರು. ಬೆಳುದಿಂಗಳಿನಲ್ಲಿ ಕಾಳಿಯ ಮೇಲೆ ದೋಣಿಯಲ್ಲಿ ಹೋಗಿ, ಮರಳಿನ ಮೇಲೆ ನಡೆದು ಮನೆಗೆ ಮರಳಿದ ಒಂದು ರಾತ್ರಿಯನ್ನು ಕವಿ ತಮ್ಮ ಜೀವನಸ್ಮೃತಿಯಲ್ಲಿ ನೆನೆದಿದ್ದಾರೆ. 'ಪ್ರಕೃತಿರ್ ಪ್ರತಿಶೋಧ' ನಾಟಕವನ್ನು ಬರೆದದ್ದೂ ಇಲ್ಲಿಯೇ. ಪೇಟೆಯ ಕಡಲತಡಿಗೆ ಇಂದು ಅವರದೇ ಹೆಸರು. ಅದರ ಮೇಲೆ ನಿವೃತ್ತ ಯುದ್ಧನೌಕೆ 'ಚಪಲ್' ವಸ್ತುಸಂಗ್ರಹಾಲಯವಾಗಿ ನಿಂತಿದೆ. ಕವಿಯ ಹೆಸರೂ ಕ್ಷಿಪಣಿಯ ನೌಕೆಯೂ ಒಂದೇ ಮರಳಿನಲ್ಲಿ! ಹುಡುಗರಿಗೆ ಹಿಡಿಸಿದ್ದು ಯಾವುದೆಂದು ಹೇಳಬೇಕಾಗಿಲ್ಲ.

ದಕ್ಷಿಣದ ಬಿಣಗಾ, ಅರಗಾ ತೀರಗಳ ಚೆಲುವನ್ನು ಹಳಬರು ಈಗಲೂ ವರ್ಣಿಸುತ್ತಾರೆ, ನೋಡಹೋಗುವಂತಿಲ್ಲ. 1986ರಲ್ಲಿ ಶಂಕುಸ್ಥಾಪನೆಯಾದ 'ಸೀಬರ್ಡ್' ಯೋಜನೆಯ ನೌಕಾನೆಲೆ ಆ ಕರಾವಳಿಯನ್ನು ತನ್ನ ಬೇಲಿಯೊಳಗೆ ಸೇರಿಸಿಕೊಂಡಿತು. ದೇಶರಕ್ಷಣೆಗೆ ಅದು ಬೇಕು, ನಿಜ. ಆದರೆ ಮನೆ, ಹೊಲ, ದೋಣಿ ಎಳೆಯುವ ಮರಳು ಎಲ್ಲವನ್ನೂ ಬಿಟ್ಟು ಎದ್ದ ಮೀನುಗಾರರೂ ರೈತರೂ ಪರಿಹಾರಕ್ಕಾಗಿ ವರ್ಷಗಟ್ಟಲೆ ಕಾದದ್ದನ್ನು ಪ್ರವಾಸಿಯೂ ಅರಿತಿರಬೇಕು.

ಮೂರನೆಯ ಮಧ್ಯಾಹ್ನ ಮೊಮ್ಮಕ್ಕಳು ಕೂರ್ಮಗಡ ದ್ವೀಪಕ್ಕೆ ಹೋಗಬೇಕೆಂದು ಹಟ ಹಿಡಿದರು. ಆಮೆಯ ಬೆನ್ನಿನಂಥ ಆ ನಡುಗಡ್ಡೆ ದಡದಿಂದ ಕೈಚಾಚಿದರೆ ಸಿಗುವಂತೆ ಕಾಣುತ್ತದೆ. ದೋಣಿಯ ಮುದುಕ ಪಶ್ಚಿಮದ ಕಡೆಗೆ ನೋಡಿ, "ಇವತ್ತು ಬೇಡ ಅಮ್ಮಾ, ಗಾಳಿ ಎದ್ದಿದೆ. ನಾಳೆ ಬೆಳಿಗ್ಗೆ ಬನ್ನಿ" ಎಂದ. ಹಣ ಹೆಚ್ಚು ಕೊಡುತ್ತೇವೆಂದ ಮಗನಿಗೆ ಅವನು ಉತ್ತರವನ್ನೇ ಕೊಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, 2019ರ ಜನವರಿ 21ರ ಮಾತೆತ್ತಿದ. ಅಂದು ಹುಣ್ಣಿಮೆ, ಕೂರ್ಮಗಡದ ನರಸಿಂಹ ದೇವರ ಜಾತ್ರೆ. ಹಿಂದಿರುಗುವ ದೋಣಿಯೊಂದು ಅಲೆಗೆ ಸಿಕ್ಕಿ ಮಗುಚಿ ಹದಿನಾರು ಮಂದಿ ಸತ್ತರು. ಅವರಲ್ಲಿ ಕಡಲನ್ನೇ ಅರಿಯದ ಹಾವೇರಿ ಸೀಮೆಯ ಜನರೂ ಇದ್ದರು, ಪುಟ್ಟ ಮಕ್ಕಳೂ ಇದ್ದರು. ಅಷ್ಟು ಜನರನ್ನು ಹತ್ತಿಸಬಾರದಿತ್ತು, ಜೀವರಕ್ಷಕ ಅಂಗಿ ಎಲ್ಲರ ಮೈಮೇಲೆ ಇರಬೇಕಿತ್ತು ಎಂಬ ಮಾತು ಆಮೇಲೆ ಎಲ್ಲರ ಬಾಯಲ್ಲಿಯೂ ಬಂತು.

"ನಾವೂ ಬಯಲುಸೀಮೆಯವರೇ ಅಲ್ಲವೇನಪ್ಪಾ" ಎಂದು ಅಜ್ಜಿ ಮಗನ ಕೈಹಿಡಿದರು. ಅಂದು ಸಂಜೆ ಸದಾಶಿವಗಡದ ಗುಡ್ಡ ಹತ್ತುವುದರಲ್ಲಿ ಕಳೆಯಿತು. ಮೇಲಿನಿಂದ ನದಿ, ಸೇತುವೆ, ಕಡಲು, ಹಟ ಹಿಡಿಸಿದ್ದ ದ್ವೀಪ ಎಲ್ಲವೂ ಒಂದೇ ನೋಟಕ್ಕೆ ಸಿಕ್ಕವು.

ಮರುದಿನ ಬೆಳಿಗ್ಗೆ ಗಾಳಿ ಇಳಿದಿತ್ತು. ಸೀರೆಯ ಮೇಲೆ ಕಿತ್ತಳೆ ಬಣ್ಣದ ಅಂಗಿ ತೊಟ್ಟು ಅಜ್ಜಿ ದೋಣಿಯಲ್ಲಿ ಕುಳಿತರು. ಪಟ್ಟಿ ಬಿಗಿಯಾಗಿದೆಯೇ ಎಂದು ಮೊಮ್ಮಗಳು ಎರಡು ಸಲ ಎಳೆದು ನೋಡಿದಳು. ನದೀಮುಖದಲ್ಲಿ ಡಾಲ್ಫಿನ್ನುಗಳು ಎರಡು ಸಲ ಬೆನ್ನು ತೋರಿಸಿ ಮುಳುಗಿದವು. ಮಕ್ಕಳು ಅವನ್ನು ಎಣಿಸುತ್ತಿರಲು, ಅಜ್ಜಿ ಬಗ್ಗಿ ಒಂದು ಬೊಗಸೆ ನೀರನ್ನೆತ್ತಿ ನಾಲಗೆಗೆ ಮುಟ್ಟಿಸಿ, "ಇಲ್ಲಿನ್ನೂ ಅರೆ ಉಪ್ಪು" ಎಂದರು.